ಅಣ್ಣನ ಮೂರು ಹೊತ್ತಿನ ಮಾತ್ರೆ

ಶುಮೆಗಿ ಓರ್ಶೊಯಾ, ಎಲ್ಲರ ಬಾಯಲ್ಲಿ ಓರ್ಶಿ, ತನ್ನ ಅಣ್ಣ ವೆಂಡೆಲ್ ಜೊತೆ ಮಾತು ಬಿಟ್ಟು ಇಪ್ಪತ್ತೊಂದು ವರ್ಷವಾಗಿತ್ತು. ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ. ನಮ್ಮ ಬಾಕೋನ್ ಬೆಟ್ಟಗಳ ಕಡೆಯ ಮನೆಗಳು ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಇರುತ್ತವೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ವೆಂಡೆಲನದು, ಕುದುರೆ ಲಾಯಕ್ಕೆ ಅಂಟಿಕೊಂಡ ಹಿಂದಿನ ಕೋಣೆ ಓರ್ಶಿಯದು, ನಡುವೆ ಅಡುಗೆಮನೆ. ಅಡುಗೆ ಓರ್ಶಿಯೇ ಮಾಡುತ್ತಿದ್ದಳು. ಮಾಡಿದ್ದರಲ್ಲಿ ಅರ್ಧವನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಜಗಲಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ವೆಂಡೆಲ್ ಬಂದು ತಿಂದು, ತಟ್ಟೆ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದ. ಅವಳ ಒಲೆಗೆ ಸೌದೆ ಮಾತ್ರ ಎಂದೂ ಕಡಿಮೆಯಾದದ್ದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸೀಳಿದ ಸೌದೆ ಗೋಡೆಗೆ ಒರಗಿರುತ್ತಿತ್ತು.

ಹೇಳಲೇಬೇಕಾದ ಮಾತೇನಾದರೂ ಬಂದರೆ ಪಕ್ಕದ ಮನೆಯ ಗಿಜಿ ಇದ್ದಳು.

“ಗಿಜೀ, ಮುಂದಿನ ಕೋಣೆಯವರಿಗೆ ಹೇಳೇ, ಹೊಗೆಗೂಡು ಗುಡಿಸೋನು ನಾಳೆ ಬರ್ತಾನಂತೆ.”

ಮುಂದಿನ ಕೋಣೆಯವನು ಮೂರು ಮಾರು ದೂರದಲ್ಲೇ ಕೂತು ಗರಗಸಕ್ಕೆ ಅರ ಹಾಕುತ್ತಿರುತ್ತಿದ್ದ. ಗಿಜಿ ಬೇಲಿಯ ಮೇಲೆ ಮೊಣಕೈ ಊರಿ ಕೂಗುತ್ತಿದ್ದಳು: “ವೆಂಡೆಲಣ್ಣಾ, ಕೇಳಿಸ್ತಾ? ಇಲ್ಲಾ ನಾನೇ ಬೇಲಿ ದಾಟಿ ಬಂದು ಕಿವೀಲಿ ಊದ್ಲಾ?”

“ಕೇಳಿಸ್ತು ಅಂತ ಹೇಳು.”

“ಓರ್ಶೀ, ಕೇಳಿಸ್ತಂತೆ. ಥೂ, ನಿಮ್ಮ ಮನೆ ಟಪಾಲು ಹೊತ್ತೂ ಹೊತ್ತೂ ನನ್ನ ಗಂಟಲು ಸವೆದುಹೋಯ್ತು. ಅಂಚೆಯವರು ನನಗೊಂದು ಟೋಪಿನಾದ್ರೂ ಕೊಡಬಾರ್ದಾ?”

ಊರಿಗೆ ಇದು ಅಭ್ಯಾಸವಾಗಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು, ಆದರೆ ಅದನ್ನು ಎತ್ತಿ ಆಡುವವರು ಇರಲಿಲ್ಲ. ಆ ಕಾರಣ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಂದಿಷ್ಟು ಇತ್ತು.

ಅರವತ್ತನೆಯ ಇಸವಿಯ ಫೆಬ್ರವರಿಯಲ್ಲಿ ನಮ್ಮೂರಿನ ಹೊಲಗಳನ್ನೆಲ್ಲ ಸಹಕಾರ ಸಂಘಕ್ಕೆ ಬರೆಸಿಕೊಂಡರು. ಪಟ್ಟಣದಿಂದ ಜನ ಬಂದು ಮನೆಮನೆಗೆ ಕೂತರು. ಮೊದಲು ನಗುತ್ತ ಕೇಳಿದರು, ಆಮೇಲೆ ನಗದೆ ಕೇಳಿದರು. ಓರ್ಶಿಯ ಅಪ್ಪ ಕೆಲೆಮೆನ್‌ಗೆ ಆಗ ಅರವತ್ತೆಂಟು. ಏಳು ತುಂಡು ಹೊಲ, ಗುಡ್ಡದ ಮೇಲೆ ನಾಲ್ಕು ಸಾಲು ದ್ರಾಕ್ಷಿ, ಎರಡು ಕುದುರೆ. ಅವನು ಬಂದವರಿಗೆ ಕೂರಲು ಬೆಂಚು ಹಾಕಿದ, ಕುಡಿಯಲು ನೀರು ಕೊಟ್ಟ, ರುಜು ಮಾತ್ರ ಹಾಕಲಿಲ್ಲ. ಹತ್ತು ದಿನ ಹಾಕಲಿಲ್ಲ. ಹನ್ನೊಂದನೆಯ ದಿನ ವೆಂಡೆಲ್ ಪಂಚಾಯ್ತಿ ಕಚೇರಿಗೆ ಹೋಗಿ ಅಪ್ಪನ ಹೆಸರನ್ನು ತಾನೇ ಬರೆದು ಬಂದ. ಅವತ್ತೇ ಮಧ್ಯಾಹ್ನ ಕುದುರೆಗಳನ್ನು ಹೊಡೆದುಕೊಂಡು ಹೋದರು. ಕೆಲೆಮೆನ್ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದವನು ಮತ್ತೆ ಏಳಲಿಲ್ಲ. ಈಸ್ಟರಿಗೆ ಹತ್ತು ದಿನ ಇದೆ ಅನ್ನುವಾಗ ತೀರಿಕೊಂಡ. ನ್ಯುಮೋನಿಯಾ ಎಂದು ಕಾಗದದಲ್ಲಿ ಬರೆದರು.

ಮಣ್ಣು ಮುಗಿಸಿ ಬರುವಾಗ ಸ್ಮಶಾನದ ಗೇಟಿನಲ್ಲಿ ಓರ್ಶಿ ಅಣ್ಣನ ಬಲಗೈಯನ್ನು ನೋಡಿ ಅಂದಳು: “ಈ ಕೈಯಲ್ಲಿ ಬರೆದೆ ಅಲ್ವಾ? ಇವತ್ತಿಂದ ನಿನಗೂ ನನಗೂ ಮಾತಿಲ್ಲ.”

ವೆಂಡೆಲ್ ಆ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಯಾಕೆ ಬರೆದೆ ಎಂದು ಅವಳು ಕೇಳಲಿಲ್ಲ.

ಓರ್ಶಿ ಹುಟ್ಟು ಒರಟಿಯೇನಲ್ಲ. ಇಪ್ಪತ್ತನೆಯ ವಯಸ್ಸಿಗೆ ಮದುವೆಯಾಗಿ, ಐದು ತಿಂಗಳು ಸಂಸಾರ ಮಾಡಿ, ಗಂಡನನ್ನು ಯುದ್ಧಕ್ಕೆ ಕಳಿಸಿದವಳು. ರಷ್ಯಾದ ಡೋನ್ ನದಿಯ ಹಿಮದಿಂದ ಅಣ್ಣ ವಾಪಸು ಬಂದ, ಗಂಡ ಬರಲಿಲ್ಲ. ಅಪ್ಪನ ಮನೆಗೆ ಬಂದು ಸೇರಿದಳು. ವೆಂಡೆಲನಿಗೂ ಮದುವೆ ಕೂಡಿಬರಲಿಲ್ಲ. ಅಪ್ಪ ಹೋದ ಮೇಲೆ ಲಾಯ ಖಾಲಿ ಬಿತ್ತು. ಓರ್ಶಿ ಅದಕ್ಕೆ ಸುಣ್ಣ ಹೊಡೆದು, ಮೇಲೆ ಅಟ್ಟ ಕಟ್ಟಿಸಿ, ಮದ್ದಿನ ಸೊಪ್ಪು ಒಣಗಿಸಲು ಶುರು ಮಾಡಿದಳು. ಲಿಂಡನ್ ಹೂ, ಕ್ಯಾಮೊಮೈಲ್, ಕಾಡುಗುಲಾಬಿ ಕಾಯಿ, ಹೀಗೆ ಋತುವಿಗೆ ತಕ್ಕಂತೆ ಹೆಂಗಸರು ಕಿತ್ತು ತರುತ್ತಿದ್ದರು. ಇವಳು ಆರಿಸಿ, ಒಣಗಿಸಿ, ಚೀಲ ಕಟ್ಟಿ ಪಟ್ಟಣದ ಲಾರಿಗೆ ಹಾಕುತ್ತಿದ್ದಳು. ಮುಟ್ಟಿದರೆ ಸಾಕು, ಯಾವ ಎಲೆ ಎಷ್ಟು ದಿನದ್ದು ಎಂದು ಹೇಳುವಷ್ಟು ಕೈ ಪಳಗಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಲಾರಿಯವನು ಹೊಸ ಬೇಡಿಕೆ ತಂದ. ಚಳಿಹಸಿರು ಬೇಕಂತೆ, ಎಷ್ಟಿದ್ದರೂ ಬೇಕಂತೆ. ಓರ್ಶಿ ನಕ್ಕಳು. ಚಳಿಹಸಿರು ಎಂದರೆ ಹಾರ್ನ್‌ಬೀಮ್ ಮರಗಳ ಕೆಳಗೆ ನೆಲಕ್ಕಂಟಿ ಹಬ್ಬುವ ಬಳ್ಳಿ. ಹಿಮದಡಿಯಲ್ಲೂ ಎಲೆ ಹಸಿರಾಗಿಯೇ ಇರುತ್ತದೆ, ಏಪ್ರಿಲಿನಲ್ಲಿ ನೀಲಿ ಹೂ ಬಿಡುತ್ತದೆ. ಮದುವೆ ಹೆಣ್ಣಿನ ದಂಡೆಗೆ ಸುತ್ತುತ್ತಿದ್ದರು, ಗೋರಿಯ ಮೇಲೆ ನೆಡುತ್ತಿದ್ದರು, ಅಷ್ಟೇ. ದನ ಮೂಸಿ ನೋಡಿ ಮುಖ ತಿರುಗಿಸುವ ಸೊಪ್ಪು.

“ಯಾರಿಗಪ್ಪಾ ಇದು? ಸತ್ತೋರಿಗಾ?” ಎಂದು ಕೇಳಿದಳು.

“ಸಾಯದೇ ಇರೋರಿಗಂತೆ,” ಎಂದ ಲಾರಿಯವನು. “ಇದರ ಸಾರ ತೆಗೆದು ಅದೇನೋ ಮಾಡ್ತಾರಂತೆ. ತಲೆಗೆ ರಕ್ತ ಚೆನ್ನಾಗಿ ಹರಿಯತ್ತಂತೆ.”

ಅಲ್ಲಿಂದ ಪ್ರತಿ ಜೂನ್ ತಿಂಗಳಲ್ಲಿ ಲಾಯದ ತುಂಬ ಚಳಿಹಸಿರು. ಬುಡ ಬಿಟ್ಟು ನಾಲ್ಕು ಬೆರಳು ಮೇಲೆ ಕುಯ್ಯಬೇಕು, ಬೇರು ಕೀಳಬಾರದು, ಬಿಸಿಲಿಗೆ ಹಾಕಬಾರದು ಎಂದು ಹೆಂಗಸರಿಗೆ ಅವಳೇ ಕಲಿಸಿದಳು. ಒಂದಿಬ್ಬರು ಸ್ಮಶಾನದಿಂದ ಕುಯ್ದು ತಂದಾಗ ಎಲೆಯ ಮೇಲಿದ್ದ ಮೇಣದ ಹನಿ ನೋಡಿ ಕಂಡುಹಿಡಿದು, ಚೀಲ ಸಮೇತ ಹಿಂದಕ್ಕಟ್ಟಿದಳು.

ಎಂಬತ್ತೊಂದರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸೌದೆ ಸೀಳುವ ಸದ್ದು ನಡುವೆಯೇ ನಿಂತಿತು. ಓರ್ಶಿ ಸ್ವಲ್ಪ ಹೊತ್ತು ಕಾದಳು. ಸದ್ದು ಮತ್ತೆ ಶುರುವಾಗಲಿಲ್ಲ. ಹೊರಗೆ ಬಂದು ನೋಡಿದರೆ ವೆಂಡೆಲ್ ಕೊರಡಿನ ಪಕ್ಕ ಮಗ್ಗುಲಾಗಿ ಬಿದ್ದಿದ್ದ, ಕಣ್ಣು ತೆರೆದೇ ಇತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಅವಳು ಅವನ ಹೆಸರು ಹಿಡಿದು ಕೂಗಲಿಲ್ಲ, “ಗಿಜೀ!” ಎಂದು ಕೂಗಿದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡು ಕಳಿಸಿದರು. ಕಾಲು ನಡೆಯುತ್ತಿತ್ತು, ಮಾತು ಬಂದಿತ್ತು, ಬಲಗೈ ಮಾತ್ರ ಸೋತಿತ್ತು. ಆಂಬುಲೆನ್ಸಿನಿಂದ ಇಳಿದವನು ಜಗಲಿ ಕಂಬ ಹಿಡಿದು ನಿಂತು ಅಂಗಳವನ್ನೆಲ್ಲ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿ, ನಿನ್ನೆ ತಾನೆ ಮಾತಾಡಿದವನ ಹಾಗೆ ಕೇಳಿದ:

“ಓರ್ಶೀ, ಅಪ್ಪ ಎಲ್ಲಿ?”

ತನ್ನ ಹೆಸರನ್ನು ಆ ಬಾಯಲ್ಲಿ ಕೇಳಿ ಇಪ್ಪತ್ತೊಂದು ವರ್ಷವಾಗಿತ್ತು. ಬೇಲಿಯ ಆಚೆ ಗಿಜಿ ಉಸಿರು ಬಿಗಿಹಿಡಿದು ನಿಂತಿದ್ದಳು.

“ದ್ರಾಕ್ಷಿ ತೋಟಕ್ಕೆ ಹೋಗಿದಾರೆ,” ಎಂದಳು ಓರ್ಶಿ.

“ಆ ನೋಯೋ ಮೊಣಕಾಲು ಇಟ್ಕೊಂಡು ಗುಡ್ಡ ಹತ್ತಿದ್ರಾ? ನೀನಾದ್ರೂ ಬೇಡ ಅನ್ನಬಾರ್ದಾ?” ಎಂದು ಗೊಣಗಿಕೊಂಡು ವೆಂಡೆಲ್ ಒಳಗೆ ಹೋದ.

ಅವನ ತಲೆಯಲ್ಲಿ ಎಲ್ಲವೂ ಅಳಿಸಿಹೋಗಿರಲಿಲ್ಲ. ತನ್ನ ಹೆಸರು, ಊರು, ಯುದ್ಧ, ಡೋನ್ ನದಿ ಎಲ್ಲ ಗೊತ್ತಿತ್ತು. ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳನ್ನು ಮಾತ್ರ ಇಲಿ ಕಡಿದ ಬಟ್ಟೆಯ ಹಾಗೆ ಯಾವುದೋ ತಿಂದುಹಾಕಿತ್ತು. ದಿನಕ್ಕೆ ಮೂರು ನಾಲ್ಕು ಸಲ ಅಪ್ಪನನ್ನು ಕೇಳುತ್ತಿದ್ದ. ಓರ್ಶಿ ಒಮ್ಮೆ ತೋಟ ಎನ್ನುತ್ತಿದ್ದಳು, ಒಮ್ಮೆ ಗಿರಣಿ ಎನ್ನುತ್ತಿದ್ದಳು. ಉಳಿದ ಹೊತ್ತು ಅವನು ಖುಷಿಯಾಗಿರುತ್ತಿದ್ದ. ಅಡುಗೆಮನೆಗೆ ಬಂದು ಅವಳ ಎದುರೇ ಕೂತು ಊಟ ಮಾಡತೊಡಗಿದ. ಗಸಗಸೆ ಹಾಕಿದ ಶಾವಿಗೆ ತಿನ್ನುತ್ತ, “ಅಮ್ಮ ಮಾಡಿದ ಹಾಗೇ ಇದೆ ಕಣೆ,” ಎನ್ನುತ್ತಿದ್ದ. ಓರ್ಶಿ ಬೆನ್ನು ಹಾಕಿ ಒಲೆ ಕೆದಕುತ್ತಿದ್ದಳು.

ವಾರಕ್ಕೆರಡು ದಿನ ನಮ್ಮೂರಿಗೆ ಬರುತ್ತಿದ್ದ ಡಾಕ್ಟರ್ ಹಲ್ಮೋಶ್ ಚಿಕ್ಕ ವಯಸ್ಸಿನ ಹೆಂಗಸು, ಬುಡಾಪೆಸ್ಟಿನವಳು. ಮುಂದಿನ ಶುಕ್ರವಾರ ಬಂದು ವೆಂಡೆಲನನ್ನು ನೋಡಿ, ಒಂದು ಡಬ್ಬಿ ಮಾತ್ರೆ ಮೇಜಿನ ಮೇಲಿಟ್ಟಳು.

“ದಿನಕ್ಕೆ ಮೂರು, ಊಟ ಆದ್ಮೇಲೆ. ಮರೀಬಾರ್ದು. ಅವರಂತೂ ಮರೀತಾರೆ, ನೀವೇ ಕೊಡಬೇಕು ಓರ್ಶಿಯಮ್ಮ.”

“ಏನಕ್ಕಿದು?”

“ಮಿದುಳಿಗೆ ರಕ್ತ ಹರಿಯೋಕೆ. ಜ್ಞಾಪಕ ಸ್ವಲ್ಪ ಸುಧಾರಿಸಬಹುದು.” ಡಾಕ್ಟರ್ ನಕ್ಕಳು. “ಇದು ನಿಮ್ಮ ಸೊಪ್ಪೇ, ಗೊತ್ತಾ? ಚಳಿಹಸಿರಿನ ಸಾರದಿಂದಾನೇ ಇದನ್ನ ಮಾಡೋದು.”

ಓರ್ಶಿ ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು ನೋಡಿದಳು. ಬಟಾಣಿ ಕಾಳಿನಷ್ಟೂ ಇಲ್ಲದ ಬಿಳಿ ಬಿಲ್ಲೆ. ಮೂಸಿದಳು. ಯಾವ ವಾಸನೆಯೂ ಇರಲಿಲ್ಲ.

“ಎಲ್ಲಾ ವಾಪಸ್ ಬರತ್ತಾ ಡಾಕ್ಟರಮ್ಮ? ಎಲ್ಲಾನೂ ನೆನಪಾಗತ್ತಾ?”

“ಇದೇನು ಮಂತ್ರವಾ? ಕೆಲವರಿಗೆ ಉಪಯೋಗ ಆಗತ್ತೆ, ಕೆಲವರಿಗೆ ಏನೂ ಆಗಲ್ಲ. ಮಿದುಳು ತಾನಾಗೇ ಚೇತರಿಸ್ಕೊಳೋದೂ ಉಂಟು. ಕೊಟ್ಟು ನೋಡೋಣ.”

ಡಾಕ್ಟರ್ ಹೋದ ಮೇಲೆ ಓರ್ಶಿ ಡಬ್ಬಿಯನ್ನು ಹಿಟ್ಟಿನ ಪೆಟ್ಟಿಗೆಯ ಹಿಂದೆ ಇಟ್ಟಳು. ಆ ದಿನ ಕೊಡಲಿಲ್ಲ. ಮಾರನೆಯ ದಿನವೂ ಕೊಡಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಕೊಡಬೇಕೆಂದು ಡಬ್ಬಿ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ವೆಂಡೆಲ್ ಜಗಲಿಯ ಮೇಲೆ ಕೂತು ಸಿಳ್ಳೆ ಹಾಕುವುದು ಕೇಳಿಸಿತು. ಡಬ್ಬಿ ಮತ್ತೆ ಹಿಂದಕ್ಕೆ ಹೋಯಿತು.

ಸೋಮವಾರ ಗಿಜಿ ಮೊಟ್ಟೆ ಕೊಡುವ ನೆಪದಲ್ಲಿ ಬಂದಳು. ಅವಳ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

“ಇದೇನೇ, ಮಾತ್ರೆ ಡಬ್ಬಿ ಇನ್ನೂ ತುಂಬಿದ ಹಾಗೇ ಇದೆ?”

“ಕೊಟ್ರಾಯ್ತು.”

“ಯಾವಾಗ? ಅವನ ತಿಥಿ ದಿನವಾ?”

ಓರ್ಶಿ ಹಿಟ್ಟು ನಾದುತ್ತಲೇ ಇದ್ದಳು. ಆಮೇಲೆ ತಲೆ ಎತ್ತದೆ ಅಂದಳು: “ಗಿಜೀ, ಅವನಿಗೆ ನೆನಪಾದ್ರೆ ಅಪ್ಪ ಸತ್ತಿದ್ದೂ ನೆನಪಾಗತ್ತೆ. ತಾನು ಮಾಡಿದ್ದೂ ನೆನಪಾಗತ್ತೆ. ಈಗ ಹಾಯಾಗಿದಾನೆ.”

“ಅಯ್ಯೋ, ನೋಡ್ರಪ್ಪಾ ಕರುಣೆ! ಇಪ್ಪತ್ತೊಂದು ವರ್ಷ ಅವನು ಮರೀಬಾರ್ದು ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಈಗ ಮರೆತಿದಾನೆ, ನೆನಪಾಗಬಾರ್ದು ಅಂತೀಯ. ಏನು ಬೇಕೇ ನಿನಗೆ? ಒಂದು ತೀರ್ಮಾನ ಮಾಡು, ನಾನು ಟಪಾಲು ಹೊರೋಳು, ನನಗೂ ಗೊತ್ತಾಗಲಿ.”

“ನಿನ್ನ ಮೊಟ್ಟೆ ತಗೊಂಡು ಹೋಗೆ.”

“ಹೋಗ್ತೀನಿ. ಆದ್ರೆ ಅವನಿಗೋಸ್ಕರ ಅಂತ ಮಾತ್ರ ಹೇಳ್ಬೇಡ. ನಿನ್ನ ಜೊತೆ ಮಾತಾಡೋರು ಬೇಕಾಗಿದಾರೆ, ಅದಕ್ಕೇ ಡಬ್ಬಿ ಬಚ್ಚಿಟ್ಟಿದೀಯ.”

ಮೊಟ್ಟೆ ಮಾತ್ರ ಮೇಜಿನ ಮೇಲೇ ಉಳಿದವು. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಓರ್ಶಿ ಮೊದಲನೆಯ ಮಾತ್ರೆ ಕೊಟ್ಟಳು. ಬಲಗೈ ಎತ್ತಲಾರದೆ ವೆಂಡೆಲ್ ಎಡಗೈಯಲ್ಲಿ ಲೋಟ ಹಿಡಿದ. ಲೋಟ ಅಲುಗಿದ್ದರಿಂದ ಅವಳು ತಳಕ್ಕೆ ಕೈ ಕೊಟ್ಟಳು. ಅಲ್ಲಿಂದ ದಿನಕ್ಕೆ ಮೂರು ಹೊತ್ತು ತಪ್ಪಲಿಲ್ಲ. ಅವಳು ಮಾಡಿದರೆ ಕೆಲಸವನ್ನು ಅರ್ಧಂಬರ್ಧ ಮಾಡುವವಳಲ್ಲ.

ಮೇ ಕಳೆಯಿತು. ಜೂನಿನಲ್ಲಿ ಚಳಿಹಸಿರು ಬರಲು ಶುರುವಾಯಿತು. ವೆಂಡೆಲ್ ಲಾಯದಲ್ಲಿ ಬೆಂಚಿನ ಮೇಲೆ ಕೂತು ಎಡಗೈಯಿಂದ ಹುಲ್ಲುಕಡ್ಡಿ, ಕಸ ಆರಿಸಿಕೊಡುತ್ತಿದ್ದ. ಕೆಲಸ ನಿಧಾನ, ಆದರೆ ಅಚ್ಚುಕಟ್ಟು. ಅಪ್ಪ ಎಲ್ಲಿ ಎಂದು ಕೇಳುವುದು ದಿನಕ್ಕೆ ಒಂದು ಸಲಕ್ಕಿಳಿಯಿತು. ಜುಲೈ ಬರುವ ಹೊತ್ತಿಗೆ ಕೇಳುವುದೇ ನಿಂತಿತು. ಮಾತ್ರೆಯಿಂದಲೋ, ದೇಹ ತಾನಾಗಿ ಸರಿಹೋಯಿತೋ, ಯಾರು ಹೇಳಬಲ್ಲರು? ಡಾಕ್ಟರೂ ಹೇಳಲಿಲ್ಲ. ಆದರೆ ಕೇಳದೆ ಇರುವುದನ್ನು ಓರ್ಶಿ ಗಮನಿಸಿದಳು. ಅವನು ಈಗ ಸಿಳ್ಳೆ ಹಾಕುತ್ತಿರಲಿಲ್ಲ ಎನ್ನುವುದನ್ನೂ ಗಮನಿಸಿದಳು.

ಜುಲೈ ಮಧ್ಯದ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಹೊಡೆಯುತ್ತಿತ್ತು, ಲಾಯದೊಳಗೆ ತಣ್ಣಗಿತ್ತು. ಇಬ್ಬರೂ ಎಲೆ ಮಗುಚುತ್ತಿದ್ದರು. ವೆಂಡೆಲ್ ಕೈ ನಿಲ್ಲಿಸಿ ಗೋಡೆಯಲ್ಲಿದ್ದ ಕಬ್ಬಿಣದ ಬಳೆಯನ್ನು ನೋಡಿದ.

“ಇಲ್ಲಿ ಕುದುರೆ ಇದ್ವು.”

“ಹೂಂ, ಇದ್ವು.”

“ಚಿಲ್ಲಾಗ್ ಈ ಕಡೆ. ರಾರೋ ಆ ಕಡೆ. ರಾರೋ ಒದೀತಿತ್ತು.”

“ಒದೀತಿತ್ತು.”

“ಅಪ್ಪ ಗಡ್ಡ ಹೆರ್ಕೊತಾ ಇದ್ರು,” ಎಂದ ವೆಂಡೆಲ್. ಧ್ವನಿಯಲ್ಲಿ ವಿಶೇಷವೇನೂ ಇರಲಿಲ್ಲ, ಸಂತೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದ. “ಕಿಟಕಿ ಹತ್ರ ಕನ್ನಡಿ ಇಟ್ಕೊಂಡು. ಅರ್ಧ ಮುಖಕ್ಕೆ ನೊರೆ. ‘ಇವತ್ತು ಅವರು ಕೊನೇ ಸಲ ಕರೀತಾರೆ, ನೀನು ಹೋಗು, ನನ್ನ ಹೆಸರು ನೀನೇ ಬರಿ’ ಅಂದ್ರು.”

ಓರ್ಶಿಯ ಕೈ ಎಲೆಯಲ್ಲೇ ನಿಂತಿತು.

“ನಾನು ಬೇಡ ಅಂದೆ. ‘ಬರೀದಿದ್ರೆ ನಿನ್ನ ಎಳ್ಕೊಂಡು ಹೋಗ್ತಾರೆ ಕಣೋ, ಕೆಳಬೀದಿ ಹುಡುಗನಿಗೆ ಏನು ಮಾಡಿದ್ರು ನೋಡ್ಲಿಲ್ವಾ? ಡೋನ್‌ನಿಂದ ಒಂದ್ಸಲ ವಾಪಸ್ ಬಂದಿದೀಯ. ಎರಡನೇ ಸಲ ಯಾರೂ ಬರಲ್ಲ. ನನ್ನ ಕೈಯಲ್ಲಿ ಆಗಲ್ಲ, ನೀನೇ ಬರಿ’ ಅಂದ್ರು. ಆಮೇಲೆ ಇನ್ನೊಂದು ಕೆನ್ನೆ ಹೆರೆದ್ರು. ‘ಓರ್ಶಿಗೆ ಹೇಳ್ಬೇಡ. ಅವಳು ಅಪ್ಪ ಬಗ್ಗಲ್ಲ ಅಂದ್ಕೊಂಡಿದಾಳೆ. ಹಾಗೇ ಇರಲಿ’ ಅಂದ್ರು. ಆಣೆ ಮಾಡಿಸ್ಕೊಂಡ್ರು.”

ಅಷ್ಟು ಹೇಳಿ ವೆಂಡೆಲ್ ಒಂದು ಎಲೆ ಎತ್ತಿ ಮುರಿದು ನೋಡಿದ. “ಇದಿನ್ನೂ ಹಸಿ ಇದೆ. ಇನ್ನೆರಡು ದಿನ ಬೇಕು,” ಎಂದು ಪಕ್ಕಕ್ಕೆ ಹಾಕಿದ.

ಅವನಿಗೆ ಅಪ್ಪನ ಮಾತು ನೆನಪಾಗಿತ್ತು, ಕನ್ನಡಿ ನೆನಪಾಗಿತ್ತು, ಆಣೆ ಕೂಡ ನೆನಪಾಗಿತ್ತು. ಆ ಆಣೆ ಎದುರಿಗೆ ಕೂತಿರುವವಳಿಗೇ ಸಂಬಂಧಿಸಿದ್ದು ಎನ್ನುವುದು ಮಾತ್ರ ಇನ್ನೂ ನೆನಪಾಗಿರಲಿಲ್ಲ. ಓರ್ಶಿಗೆ ಅದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಎದ್ದು ಅಂಗಳಕ್ಕೆ ಹೋಗಿ ಬಾವಿಯಿಂದ ಒಂದು ಬಕೆಟ್ ನೀರು ಸೇದಿದಳು. ನೀರು ಬೇಕಾಗಿರಲಿಲ್ಲ. ಅದನ್ನು ಟೊಮೆಟೊ ಗಿಡಗಳಿಗೆ ಸುರಿದು, ಇನ್ನೊಂದು ಸೇದಿದಳು.

ಶುಕ್ರವಾರ ಡಾಕ್ಟರ್ ಬಂದಾಗ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದಳು: “ಡಾಕ್ಟರಮ್ಮ, ಈ ಥರ ಆದೋರು ಇಲ್ಲದ್ದನ್ನ ಹೇಳ್ತಾರಾ?”

“ಹೇಳ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ತಲೇಲಿ ತೂತು ಬಿದ್ದಿರತ್ತಲ್ಲ, ಅದನ್ನ ಏನೋ ಒಂದರಿಂದ ಮುಚ್ಚಿಕೊಳ್ತಾರೆ. ಅವರಿಗದು ನಿಜವೇ.”

“ಯಾವುದು ತೇಪೆ, ಯಾವುದು ಬಟ್ಟೆ ಅಂತ ಗೊತ್ತಾಗೋದು ಹೇಗೆ?”

ಡಾಕ್ಟರ್ ಚೀಲದ ಬಾಯಿ ಮುಚ್ಚಿದಳು. “ನನಗೆ ಗೊತ್ತಾಗಲ್ಲ ಓರ್ಶಿಯಮ್ಮ. ಅವರ ಜೊತೆ ಇದ್ದೋರಿಗೆ ಗೊತ್ತಿರಬೇಕು.”

ಜೊತೆ ಇದ್ದವಳು ಅವಳೊಬ್ಬಳೇ. ಅವಳು ಹಿಂದಕ್ಕೆ ಹೋಗಿ ಹೋಗಿ ಹುಡುಕಿದಳು. ಎಲೆ ಮಗುಚುವಾಗ, ಬಾತುಗಳಿಗೆ ಜೋಳ ಹಾಕುವಾಗ, ಚರ್ಚಿನಲ್ಲಿ ಮೊಣಕಾಲೂರಿದಾಗ. ಆ ದಿನ ಬೆಳಿಗ್ಗೆಯ ಯಾವ ಮಾತೂ ಅವಳಿಗೆ ನೆನಪಿರಲಿಲ್ಲ. ಆದರೆ ಎರಡು ವಾರವಾದ ಮೇಲೆ ಬೇರೆ ಒಂದು ನೆನಪಾಯಿತು. ಅವತ್ತು ಬೆಳಿಗ್ಗೆ, ವೆಂಡೆಲ್ ಇನ್ನೂ ಕಚೇರಿಗೆ ಹೋಗುವ ಮೊದಲು, ಅಪ್ಪ ಲಾಯದಲ್ಲಿದ್ದ. ನುಣ್ಣಗೆ ಕ್ಷೌರ ಮಾಡಿಕೊಂಡಿದ್ದ, ಅದು ಬುಧವಾರ. ಅವನು ಕ್ಷೌರ ಮಾಡಿಕೊಳ್ಳುತ್ತಿದ್ದದ್ದು ಶನಿವಾರ ಮಾತ್ರ. ಎರಡೂ ಕುದುರೆಗಳ ಬಾಲ ಹೆಣೆದು ಕಟ್ಟಿದ್ದ. ಹಬ್ಬಕ್ಕೆಂದು ಎತ್ತಿಟ್ಟಿದ್ದ ಹೊಸ ಚರ್ಮದ ಮೊಗವಾಡ ಹಾಕಿದ್ದ. ಅವಳು ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ್ದಳು. “ಎಲ್ಲಿಗೆ ಅಪ್ಪಾ?” ಎಂದು ಕೇಳಿದ್ದಳು. “ಎಲ್ಲಿಗೂ ಇಲ್ಲ,” ಎಂದಿದ್ದ. ನೋಡಿದ್ದನ್ನು ಅವಳು ಮರೆತಿರಲಿಲ್ಲ, ಇಪ್ಪತ್ತೊಂದು ವರ್ಷ ಅದರ ಕಡೆ ತಿರುಗಿರಲಿಲ್ಲ, ಅಷ್ಟೆ.

ಅವತ್ತು ಅವಳು ಊಟ ಮಾಡಲಿಲ್ಲ. ವೆಂಡೆಲನಿಗೆ ಬಡಿಸಿ, ಮಾತ್ರೆ ಕೊಟ್ಟು, ಎದುರು ಕೂತಳು. ಅವನು ಬಟಾಣಿ ಸಾರು ಕುಡಿಯುವುದನ್ನು ಕೊನೆಯವರೆಗೂ ನೋಡಿದಳು.

“ಏನೇ ಹಾಗೆ ನೋಡ್ತೀಯ? ಗಡ್ಡಕ್ಕೆ ಅಂಟಿದೆಯಾ?”

“ಅಂಟಿದೆ,” ಎಂದು ಸೆರಗಿನಂತೆ ಇಳಿಬಿಟ್ಟ ಏಪ್ರನ್ನಿನ ತುದಿಯಿಂದ ಅವನ ಗಲ್ಲ ಒರೆಸಿದಳು. ಅಂಟಿರಲಿಲ್ಲ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವೆಂಡೆಲನ ತಲೆ ಇನ್ನಷ್ಟು ತಿಳಿಯಾಯಿತು. ತಿಳಿಯಾದಷ್ಟೂ ಮಾತು ಕಡಿಮೆಯಾಯಿತು. ತಂಗಿ ಮಾತಾಡಿಸಿದರೆ ತಬ್ಬಿಬ್ಬಾಗಿ ಅವಳ ಮುಖ ನೋಡುತ್ತಿದ್ದ. ಒಂದು ದಿನ ಅಡುಗೆಮನೆಯಲ್ಲಿ ಕೂರಲು ಬಂದವನು ಹೊಸ್ತಿಲಲ್ಲೇ ನಿಂತ.

“ಓರ್ಶೀ, ನೀನು ನನ್ನ ಜೊತೆ ಮಾತಾಡ್ತಿರಲಿಲ್ಲ ಅಲ್ವಾ?”

“ಇರಲಿಲ್ಲ.”

“ಈಗ ಮಾತಾಡ್ತಿದೀಯ.”

“ಆಡ್ತಿದೀನಿ. ಗಿಜಿಗೆ ವಯಸ್ಸಾಯ್ತು, ಟಪಾಲು ಹೊರೋಕೆ ಅವಳ ಕೈಲಾಗಲ್ಲ. ಬಾ, ಬಾಗಿಲು ಹಾಕು, ಚಳಿ ಬರತ್ತೆ.”

ಅವನು ಬಂದು ಕೂತ. ರೊಟ್ಟಿಗೆ ಹಂದಿ ಕೊಬ್ಬು ಸವರುತ್ತಿದ್ದ ಅವಳ ಕೈಯನ್ನೇ ನೋಡುತ್ತಿದ್ದ.

“ನನಗೆ ಹುಷಾರಿಲ್ಲದಾಗ... ನಾನು ನಿನಗೇನಾದ್ರೂ ಹೇಳಿದ್ನಾ?”

“ಏನು?”

“ಅಪ್ಪನ ವಿಷಯ.”

ಓರ್ಶಿ ಈರುಳ್ಳಿ ಹೆಚ್ಚಿ ರೊಟ್ಟಿಯ ಮೇಲಿಟ್ಟಳು. ತಟ್ಟೆಯನ್ನು ಅವನ ಮುಂದೆ ಸರಿಸಿದಳು. ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಎಷ್ಟೋ ದಿನದಿಂದ ಗೊತ್ತಿತ್ತು. ಏನು ಹೇಳಬೇಕೆಂಬುದು ಆ ಕ್ಷಣದವರೆಗೂ ಗೊತ್ತಿರಲಿಲ್ಲ.

“ಅಪ್ಪನ ವಿಷಯವಾ? ದಿನಾ ಎಲ್ಲಿ ಎಲ್ಲಿ ಅಂತ ಕೇಳಿ ನನ್ನ ಪ್ರಾಣ ತಿಂದೆ. ಆಮೇಲೆ ರಾರೋ ಒದೀತಿತ್ತು ಅಂದೆ. ಇನ್ನೇನಿಲ್ಲ.”

“ಅಷ್ಟೇನಾ?”

“ಅಷ್ಟೇ.”

ವೆಂಡೆಲ್ ಉಸಿರು ಬಿಟ್ಟ. ಹೊತ್ತ ಮೂಟೆ ಜಾರಿಬಿತ್ತೇನೋ ಎಂದು ತಡಕಿ, ಬೆನ್ನಮೇಲೆಯೇ ಇದೆ ಎಂದು ಕಂಡವನ ಉಸಿರು ಅದು. ರೊಟ್ಟಿ ಕೈಗೆ ತೆಗೆದುಕೊಂಡ. ಅಪ್ಪನಿಗೆ ಕೊಟ್ಟ ಮಾತು ತಾನು ಉಳಿಸಿಕೊಂಡಿದ್ದೇನೆ ಎಂದೇ ಅವನು ಕೊನೆಯವರೆಗೂ ನಂಬಿದ್ದ. ಓರ್ಶಿ ಆ ನಂಬಿಕೆಗೆ ಕೈ ಹಚ್ಚಲಿಲ್ಲ. ಕ್ಷಮೆ ಕೇಳಬೇಕೆಂದು ಅವಳಿಗೆ ಅನಿಸಲಿಲ್ಲವೆಂದಲ್ಲ. ಆದರೆ ಕೇಳಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಅವನು ಇಪ್ಪತ್ತೊಂದು ವರ್ಷ ಕಾಯ್ದುಕೊಂಡದ್ದು ಒಂದು ಗಳಿಗೆಯಲ್ಲಿ ಹೋಗುತ್ತದೆ. ಅದರ ಬದಲು ಅವನ ಮುಂದಿನ ಕೋಣೆಯ ಒಲೆ ಹೊಗೆ ಕಾರುತ್ತದೆಂದು ಹೇಳಿ, ಚಳಿಗಾಲಕ್ಕೆ ಅವನ ಮಂಚವನ್ನು ಅಡುಗೆಮನೆಯ ಪಕ್ಕಕ್ಕೆ ತರಿಸಿದಳು.

ಆ ವರ್ಷ ನವೆಂಬರ್ ಎರಡರಂದು, ಸತ್ತವರ ದಿನ, ಮಧ್ಯಾಹ್ನ ಮೂರು ಗಂಟೆಗೆ ಇಬ್ಬರೂ ಸ್ಮಶಾನಕ್ಕೆ ಹೊರಟರು. ಅಲ್ಲಿಯವರೆಗೆ ಪ್ರತಿ ವರ್ಷ ಅವನು ಬೆಳಿಗ್ಗೆ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದ, ಅವಳು ಸಂಜೆ ಹೋಗಿ ಬೇರೆ ಹಚ್ಚುತ್ತಿದ್ದಳು. ಇವತ್ತು ಓರ್ಶಿ ಅಣ್ಣನ ಸೋತ ಬಲಗೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು ಬೀದಿಯ ನಡುವೆಯೇ ನಡೆದಳು. ಕಿಟಕಿ ಪರದೆಗಳು ಒಂದೊಂದಾಗಿ ಅಲುಗಿದವು. ಪಾದ್ರಿ ತಮ್ಮ ಸೈಕಲ್ಲಿನಿಂದ ಇಳಿದು ನಿಂತರು. ಗಿಜಿ ಗೇಟಿಗೆ ಓಡಿಬಂದವಳು ಅಪರೂಪಕ್ಕೆ ಬಾಯಿ ತೆರೆಯಲಿಲ್ಲ. ಅವರು ತಿರುವು ದಾಟಿದ ಮೇಲೆ ಗಂಡನಿಗೆ, “ನನ್ನ ಕೆಲಸ ಹೋಯ್ತು ಕಣ್ರೀ,” ಎಂದಳಂತೆ.

ವೆಂಡೆಲ್ ಇನ್ನೂ ಮೂರು ವರ್ಷ ಬದುಕಿದ. ಮಾತ್ರೆ ಮೂರು ಹೊತ್ತೂ ನಡೆಯಿತು. ಕೊನೆಯ ವರ್ಷ ಮತ್ತೆ ಮಂಕು ಕವಿಯತೊಡಗಿತು. ಚಮಚದ ಹೆಸರು ಮರೆತ, ಗಿಜಿಯ ಹೆಸರು ಮರೆತ. ಗಿಜಿಗೆ ಅದೇ ದೊಡ್ಡ ಅವಮಾನವಾಯಿತು. ಎಂಬತ್ತೈದರ ಜನವರಿಯಲ್ಲಿ ಎರಡನೆಯ ಸಲ ಲಕ್ವ ಹೊಡೆದದ್ದು ಅವನನ್ನು ಎರಡು ದಿನದಲ್ಲಿ ಒಯ್ದಿತು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಆರು ಜನ ಬೇಕಾಯಿತು.

ಮಣ್ಣಾದ ಮೇಲಿನ ಊಟ ಮುಗಿದು ಜನ ಹೋದ ಮೇಲೆ ಗಿಜಿ ಪಾತ್ರೆ ಒರೆಸಲು ನಿಂತಳು. ಆಗ ಓರ್ಶಿ ಅವಳಿಗೆ ಎಲ್ಲ ಹೇಳಿದಳು. ಗಡ್ಡದ ನೊರೆ, ಆಣೆ, ಕುದುರೆಯ ಮೊಗವಾಡ, ಏನನ್ನೂ ಬಿಡಲಿಲ್ಲ. ಗಿಜಿ ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದಳು.

“ನಿಜ ಅಂತೀಯಾ? ಅವನ ತಲೆ ಆಗ ಸರಿಯಿರಲಿಲ್ಲವಲ್ಲೇ.”

“ನನ್ನ ತಲೆ ಸರಿ ಇತ್ತಲ್ಲ,” ಎಂದಳು ಓರ್ಶಿ. “ಅಪ್ಪನ ಗಡ್ಡ ನಾನೇ ನೋಡಿದ್ದೆ. ಯಾಕೆ ಅಂತ ಕೇಳ್ಲಿಲ್ಲ. ಗೇಟಲ್ಲಿ ಅವನನ್ನೂ ಕೇಳ್ಲಿಲ್ಲ.”

“ಕೇಳಿದ್ರೆ ಹೇಳ್ತಿದ್ನಾ?”

“ಹೇಳ್ತಿರಲಿಲ್ಲ. ಆದ್ರೂ ಕೇಳಬೇಕಿತ್ತು.”

ಗಿಜಿ ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ಒಂಬತ್ತು ವರ್ಷ ಹೇಳಲಿಲ್ಲ. ಅವಳ ಮಟ್ಟಿಗೆ ಅದು ಒಂದು ಸಾಧನೆ.

ಓರ್ಶಿ ಎಪ್ಪತ್ತು ತುಂಬುವವರೆಗೆ ಸೊಪ್ಪಿನ ಕೆಲಸ ಮಾಡಿದಳು. ತೊಂಬತ್ತರ ಈಚೆಗೆ ಚಳಿಹಸಿರು ಕೇಳುವವರು ಕಡಿಮೆಯಾದರು. ಬೇರೆ ಯಾವುದೋ ಬೀಜ ದೂರದ ದೇಶದಿಂದ ಬರುತ್ತದೆಂದು ಲಾರಿಯವನ ಮಗ ಹೇಳಿದ. ಆಮೇಲೆ ಲಾರಿಯೂ ಬರಲಿಲ್ಲ. ಅವಳು ಮುಂದಿನ ಕೋಣೆಗೆ ಬಂದು ಸೇರಿಕೊಂಡಳು, ಅಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ. ಹಿಂದಿನ ಕೋಣೆಯನ್ನು ಶಾಲೆಗೆ ಹೊಸದಾಗಿ ಬಂದ ಮೇಷ್ಟರ ಕುಟುಂಬಕ್ಕೆ ಬಿಟ್ಟುಕೊಟ್ಟಳು. ಆ ವರ್ಷ ಅವರಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ಎರಡೂ ಒಟ್ಟಿಗೆ ಅಳುತ್ತಿದ್ದವು. ಮೇಷ್ಟರ ಹೆಂಡತಿ ನಾಚಿಕೊಂಡು ಬಾಗಿಲು ಕಿಟಕಿ ಹಾಕಲು ಹೋದರೆ, “ಹಾಕಬೇಡಮ್ಮ, ಸೆಖೆ ಆಗತ್ತೆ,” ಎಂದು ಓರ್ಶಿ ಜಗಲಿಯಿಂದಲೇ ಕೂಗುತ್ತಿದ್ದಳು, ಹಿಮ ಸುರಿಯುವ ಫೆಬ್ರವರಿಯಲ್ಲಿ.